ಮೀನಿನ ಇನ್ನರ್ಧ

ಮಾರ್ಚ್ 3, ಭಾನುವಾರ

ಭೂವಿಜ್ಞಾನ ಸಂಘದ ವ್ಯಾನ್ ಈ ಸಲವೂ ತಡ. ಮುಂದಿನ ಸೀಟು ಎಂದಿನಂತೆ ಭಾವನಿಗೆ. ಹಲ್ಲಿನ ಡಾಕ್ಟರು, ಅದರ ಮೇಲೆ ಸಂಘದ ಕಾರ್ಯದರ್ಶಿ. ಬಂಡೆಗಳೂ ಅವರ ಅಪಾಯಿಂಟ್‌ಮೆಂಟ್ ತಗೋಬೇಕು.

ಹಳೆಯ ಸುಣ್ಣಕಲ್ಲಿನ ಗಣಿ. ಊಟದ ಹೊತ್ತಿಗೆ ನನ್ನ ಉಳಿಯ ಏಟಿಗೆ ಒಂದು ಚಪ್ಪಡಿ ಪುಸ್ತಕದಂತೆ ಬಿಚ್ಚಿಕೊಂಡಿತು. ಎರಡು ಹೋಳಿನಲ್ಲೂ ಎಂದೋ ಕಲ್ಲಾಗಿಹೋದ ಮೀನು — ಒಂದರಲ್ಲಿ ಮೂಳೆ, ಇನ್ನೊಂದರಲ್ಲಿ ಅದರ ಅಚ್ಚು.

"ಕೊಡಮ್ಮ ಇಲ್ಲಿ, ನಿಂಗೆ ಗೊತ್ತಾಗಲ್ಲ" ಎಂದು ಭಾವ ಮೂಳೆಯ ಹೋಳು ಎತ್ತಿಕೊಂಡು ಹೋದರು. ವ್ಯಾನ್ ಹತ್ತುವ ಮುನ್ನ ಸಿಕ್ಕಿದ್ದನ್ನೆಲ್ಲ ಟಾರ್ಪಾಲಿನ ಮೇಲೆ ಇಡಬೇಕೆಂಬುದು ಸಂಘದ ನಿಯಮ. ಇಟ್ಟರು. ತಮ್ಮದೆಂದೇ ಇಟ್ಟರು. ಚಪ್ಪಾಳೆ ಬೇರೆ.

ನನ್ನ ಹೋಳನ್ನು ಟವೆಲಿನಲ್ಲಿ ಸುತ್ತಿ ಊಟದ ಚೀಲದ ತಳಕ್ಕೆ ಹಾಕಿದೆ.

ಮಾರ್ಚ್ 4

ನನ್ನ ಕನ್ನಡಕದಂಗಡಿಯಲ್ಲಿ ಗಿರಾಕಿ ಕಡಿಮೆ. ಕನ್ನಡಕ ಒರೆಸುವ ಬಟ್ಟೆಯಲ್ಲೇ ಮೀನು ಒರೆಸಿದೆ. ಅಕ್ಕನ ಫೋನು.

"ನಿಮ್ಮ ಭಾವಂಗೆ ಮೀನು ಸಿಕ್ಕಿದ್ದು ಪೇಪರಲ್ಲಿ ಬರತ್ತಂತೆ ಕಣೇ. ಒಂದು ಒಳ್ಳೆ ಮಾತಾಡಕ್ಕೇನು ನಿಂಗೆ?"

"ಹಲ್ಲು ನೋವು" ಎಂದು ಇಟ್ಟುಬಿಟ್ಟೆ.

ಏಪ್ರಿಲ್ 7, ಭಾನುವಾರ

ಸಂಘದ ಪ್ರದರ್ಶನ. ಗಾಜಿನ ಪೆಟ್ಟಿಗೆ, ಅದರೊಳಗೆ ಕಾರ್ಡು: 'ಸಿಕ್ಕಿದ್ದು: ಕಾರ್ಯದರ್ಶಿಗಳಿಗೆ.' ಎಲ್ಲರೆದುರು ನನ್ನ ಹೋಳು ತೆಗೆದು ಪಕ್ಕಕ್ಕಿಟ್ಟೆ. ಮುಳ್ಳಿಗೆ ಮುಳ್ಳು ಹೊಂದಿತು. ಭಾವನ ಮುಖ ಸುಣ್ಣ.

ಆದರೆ ಅಧ್ಯಕ್ಷೆ, ನಿವೃತ್ತ ಪ್ರಾಂಶುಪಾಲೆ, ತಿರುಗಿದ್ದು ನನ್ನ ಕಡೆಗೆ. "ಇದು ಟಾರ್ಪಾಲಿನ ಮೇಲೆ ಯಾಕಿರ್ಲಿಲ್ಲಮ್ಮ?"

ಭಾವನಿಗೆ ಜೀವ ಬಂತು. "ಬಚ್ಚಿಟ್ಟಿದ್ಲು ನೋಡಿ! ನಾನು ಒಡೆದು ಬಿಟ್ಟಿದ್ದನ್ನ ಎತ್ಕೊಂಡಿದಾಳೆ."

ನನ್ನ ಸದಸ್ಯತ್ವ ರದ್ದು. ಹೋಳು ಮಾತ್ರ ಕೊಡದೆ ಬಂದೆ. ಅಲ್ಲೇ, ಆ ಗಣಿಯಲ್ಲೇ ಕೂಗಬೇಕಿತ್ತು... ಈಗ ಅಂದುಕೊಂಡು ಏನು.

ಏಪ್ರಿಲ್ 19

ಅಕ್ಕ ಬಂದಿದ್ದಳು, ಬಟ್ಟೆ ಚೀಲ ಹಿಡಿದು. ಕಲ್ಲು ಕೊಟ್ಟರೆ ಮತ್ತೆ ಸೇರಿಸಿಕೊಳ್ಳುತ್ತಾರಂತೆ, ಕಾರ್ಡಿನಲ್ಲಿ ನನ್ನನ್ನೂ ಹಾಕುತ್ತಾರಂತೆ. ಹೊಸ ಕಾರ್ಡು ತೋರಿಸಿದಳು. ಭಾವನ ಕೈಬರಹ. ಕೊನೆಯ ಸಾಲು: 'ಸಹಾಯ: ಕಾರ್ಯದರ್ಶಿಗಳ ನಾದಿನಿ.'

"ಇನ್ನೇನೇ ಬೇಕು ನಿಂಗೆ?"

"ಚೀಲ ಮಡಚ್ಕೊಂಡು ಹೋಗಕ್ಕ."

"ಒಂದು ಕಲ್ಲಿಗೋಸ್ಕರ ಒಡಹುಟ್ಟಿದವಳನ್ನ ಬಿಡ್ತೀಯಾ?"

"ಅದನ್ನ ನಿನ್ನ ಗಂಡನ್ನ ಕೇಳು."

ಕಾಫಿ ಕುಡಿಯದೆ ಹೋದಳು. ಕಾರ್ಡು ಬಿಟ್ಟು ಹೋಗಿದ್ದಾಳೆ.

ಏಪ್ರಿಲ್ 22, ಬೆಳಿಗ್ಗೆ

ಅಂಗಡಿಯ ಶೋಕೇಸಿನಿಂದ ಫ್ರೇಮುಗಳನ್ನೆಲ್ಲ ತೆಗೆದು ಮೀನು ಇಟ್ಟೆ. ಮುಂದೆ ದೊಡ್ಡ ಭೂತಗನ್ನಡಿ. ಭಾವನ ಕಾರ್ಡನ್ನೇ ತಿರುಗಿಸಿ ಹಿಂಬದಿಯಲ್ಲಿ ಬರೆದೆ: 'ಒಡೆದವಳು: ಈ ಅಂಗಡಿಯ ಒಡತಿ. ಇನ್ನರ್ಧ ಎತ್ತಿಕೊಂಡು ಹೋದವರು: ಅವಳ ಭಾವ, ಹಲ್ಲಿನ ಡಾಕ್ಟರು.'

ಜನ ನಿಲ್ಲುತ್ತಿದ್ದಾರೆ. ಓದಿ ನಗುತ್ತಿದ್ದಾರೆ.

ಈಗ ಭಾವ. ಕನ್ನಡಕ ತಂದಿಲ್ಲ, ಮೂಗು ಗಾಜಿಗೆ ಒತ್ತಿದೆ. ಒಂದೊಂದೇ ಪದ, ತುಟಿ ಅಲ್ಲಾಡಿಸಿಕೊಂಡು... 'ಒಡತಿ' ದಾಟಿದರು. ಕೊನೆಯ ಸಾಲಿಗೆ ಬಂದರು. ಬಾಗಿಲು ತಳ್ಳುತ್ತಿದ್ದಾ—