ರೆಕಾರ್ಡ್ ಒತ್ತುವ ಮೊದಲು

ಜೂನ್ 15, ಭಾನುವಾರ

ಬೆಳಿಗ್ಗೆ ಏಳಕ್ಕೆ ಪಾಸಿರ್ ರಿಸ್ ಪಾರ್ಕ್. ಗೂಬೆ ಮರದ ಕೆಳಗೆ ಆಗಲೇ ಹದಿನೇಳು ಟ್ರೈಪಾಡ್. ಮೇಲೆ ಎರಡು ಮರಿ, ಕೊಂಬೆಗೆ ಒತ್ತಿಕೊಂಡು ಕೂತಿದ್ದವು. ಒಬ್ಬ ಅಂಕಲ್ ಬಾಯಲ್ಲಿ ಇಲಿ ಕಿರುಚಿದ ಹಾಗೆ ಸದ್ದು ಮಾಡುತ್ತಿದ್ದ, ಮರಿ ಈ ಕಡೆ ತಿರುಗಲಿ ಅಂತ. ಹೋಗಿ ಅವನ ಲೆನ್ಸ್ ಮುಂದೆಯೇ ನಿಂತೆ.

"ಅಂಕಲ್, ಹತ್ತು ಮೀಟರ್ ಹಿಂದೆ ಹೋಗಿ."

"ಯೂ ಪಾರ್ಕ್ ಆಫೀಸರ್ ಆ?"

"ಅಲ್ಲ."

"ದೆನ್ ಡೋಂಟ್ ಬ್ಲಾಕ್ ಲಾ, ಗರ್ಲ್."

ಬ್ಲಾಕ್ ಮಾಡಿದೆ. ಇಪ್ಪತ್ತು ನಿಮಿಷ. ಕೊನೆಗೆ ಅವನೇ ಜಾಗ ಬಿಟ್ಟ. ಕೈಗೆ ಕೊಟ್ಟ ಪಾಂಪ್ಲೆಟ್‌ನಿಂದ ಗಾಳಿ ಬೀಸಿಕೊಳ್ಳುತ್ತಾ ಹೋದ. ಬೀಸಿಕೊಳ್ಳಲಿ. ಮೊದಲ ಸಾಲಂತೂ ಕಣ್ಣಿಗೆ ಬಿದ್ದಿರುತ್ತದೆ: ನೋಡುವ ಹಸಿವೇ ಮೊದಲ ಹಿಂಸೆ. ನಾನೇ ಬರೆದದ್ದು. ನಮ್ಮ ಪ್ರಾಣಿ ರಕ್ಷಣೆಯ ಗುಂಪು ಕಟ್ಟಿದ ಹುಯಿ ಮಿನ್ "ಟೂ ಮಚ್" ಅಂದಿದ್ದಳು. ಆದರೂ ಪ್ರಿಂಟ್ ಹಾಕಿಸಿದಳು.

ಜೂನ್ 19, ಗುರುವಾರ

ಅನಂತರಾಮ್ ಮಾಮ ಬಂದಿದ್ದರು. ಅಮ್ಮನ ಅಣ್ಣ, ಬ್ಯಾಂಕಿನವರು, ಐವತ್ತು ತುಂಬಿದ್ದಕ್ಕೆ ಟಾಂಜಾನಿಯಾದಲ್ಲಿ ಪ್ರೈವೇಟ್ ಸಫಾರಿ ಬುಕ್ ಮಾಡಿದ್ದಾರೆ. ಮಗ ಚಿರಂತ್‌ಗೆ ಕಡ್ಡಾಯ ಮಿಲಿಟರಿ ಸೇವೆಯ ಎನ್.ಎಸ್. ಕ್ಯಾಂಪ್‌ನಿಂದ ರಜೆ ಸಿಗಲಿಲ್ಲ. ಒಂದು ಸೀಟು ಖಾಲಿ.

"ಬಾರೇ ಗಗನಾ. ಮೂರೇ ದಿನ. ಜೀಪು ನಮ್ಮದೇ, ಗೈಡ್ ನಮ್ಮವನೇ. ಬೇರೆ ಯಾರೂ ಇರಲ್ಲ."

ಹೇಳಿದೆ. ಕಾಲು ಗಂಟೆ ಹೇಳಿದೆ. ಸಫಾರಿ ಪಾರ್ಕ್ ಮಾಡುವಾಗ ಅಲ್ಲಿನ ಜನರನ್ನು ಒಕ್ಕಲೆಬ್ಬಿಸಿದ್ದು, ವಿಮಾನದ ಹೊಗೆ, ದೊಡ್ಡ ಟೋಪಿಯ ಬಿಳಿಯರು ಬಿಟ್ಟುಹೋದ ಚಟ ನಮಗೆ ಅಂಟಿದ್ದು. ಮಾಮ ಚಕ್ಕುಲಿ ಮುರಿಯುತ್ತಾ ಪೂರ್ತಿ ಕೇಳಿದರು.

"ಮುಗೀತಾ? ಪಾಸ್‌ಪೋರ್ಟ್ ಫೋಟೋ ವಾಟ್ಸಾಪ್ ಮಾಡು."

"ಅವಳು ಬರಲ್ಲ ಬಿಡಣ್ಣ," ಅಂದಳು ಅಮ್ಮ. "ಅವಳಿಗೆ ತತ್ತ್ವ ಇದೆ. ನಿನ್ನ ಹಾಗಲ್ಲ."

ಬರಲ್ಲ ಅಂದೆ.

ಸಂಜೆ 7 — ಕಳಿಸಿದೆ.

ಜೂನ್ 22

ಹುಯಿ ಮಿನ್‌ಗೆ ಹೇಳಿದೆ, ಮೈಸೂರಿನಲ್ಲಿ ಕಸಿನ್ ಮದುವೆ, ಜುಲೈ ಎರಡನೇ ವಾರ ಇರಲ್ಲ ಅಂತ. ಆಷಾಢದಲ್ಲಿ ಮದುವೆ! ಅವಳಿಗೆ ಹೇಗೆ ಗೊತ್ತಾಗಬೇಕು. "ಸೀರೆ ಫೋಟೋ ಕಳಿಸು" ಅಂದಳು.

ಜುಲೈ 10, ಗುರುವಾರ. ಸೆರೆಂಗೆಟಿ

ಪುಟ್ಟ ವಿಮಾನ. ಮಣ್ಣಿನ ರನ್‌ವೇ. ಮಾಮ, ಅರುಂಧತಿ ಅತ್ತೆ, ನಾನು. ಗೈಡ್ ಹೆಸರು ಎಲಿಬರಿಕಿ. ನಲವತ್ತೈದಿರಬಹುದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಜೀಪು ಹತ್ತುವ ಮೊದಲೇ ರೂಲ್ಸ್ ಹೇಳಿದ. ಎದ್ದು ನಿಲ್ಲಬೇಡಿ, ಕೂಗಬೇಡಿ, ರಸ್ತೆ ಬಿಟ್ಟು ಜೀಪು ಇಳಿಸು ಅಂತ ಕೇಳಬೇಡಿ. ನಾನೇ ಕಲಿಸಿಕೊಟ್ಟವಳ ಹಾಗೆ ತಲೆ ಆಡಿಸಿದೆ.

ಪಾಂಪ್ಲೆಟ್ ಕೊಟ್ಟೆ. ಎಂಜಿನ್ ಆಫ್ ಮಾಡಿ ಎರಡೂ ಪುಟ ಓದಿದ. ಇದುವರೆಗೆ ಯಾರೂ ಎರಡನೇ ಪುಟ ಓದಿದ್ದು ನೋಡಿಲ್ಲ.

"ಗೂಬೆ ನೋಡೋಕೆ ಜನ ಬೆಳಿಗ್ಗೆ ಏಳ್ತಾರಾ? ನಮ್ಮೂರಲ್ಲಿ ಮನೆ ಮೇಲೆ ಕೂತರೆ ಕಲ್ಲು ಹೊಡೆದು ಓಡಿಸ್ತಾರೆ."

"ನಮ್ಮೂರಲ್ಲೂ ಅಷ್ಟೇ ಕಣಪ್ಪಾ!" ಅಂದರು ಅತ್ತೆ, ಕನ್ನಡದಲ್ಲೇ. ಇಂಗ್ಲಿಷ್‌ನಲ್ಲಿ ಹೇಳಿದ ಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಆನೆ ಹಿಂಡು, ರಸ್ತೆ ಪಕ್ಕದಲ್ಲೇ. ನಾನು ಫೋನ್ ಹೊರಗೆ ತೆಗೆಯಲಿಲ್ಲ.

ಜುಲೈ 11

ಸಿಂಹ. ಜಿರಾಫೆ. ನಾನು ಕಾಯುತ್ತಿದ್ದ ಚೀತಾ ಇಲ್ಲ. ಕ್ಯಾಂಪಿನ ಊಟದಲ್ಲಿ ಪಕ್ಕದ ಟೇಬಲ್‌ನವರು ನೋಡಿದ್ದಾರಂತೆ, ಮರಿಗಳ ಜೊತೆ. ಫೋಟೋ ತೋರಿಸಿದರು. ಚೆನ್ನಾಗಿದೆ ಅಂದೆ. ಊಟ ಬಿಟ್ಟು ಎದ್ದು ಬಂದೆ. ಯಾಕೆ ಸಿಟ್ಟು? ಬಂದದ್ದೇ ತಪ್ಪು, ಇನ್ನು ನೋಡದೇ ಹೋದರೆ ಅದೂ ಇಲ್ಲ, ಇದೂ ಇಲ್ಲ.

ಜುಲೈ 12, ಶನಿವಾರ

ಸಿಕ್ಕಿತು. ತಾಯಿ, ಮೂರು ಮರಿ. ಸಂಜೆ ಐದೂವರೆ. ರಸ್ತೆಯಿಂದ ಬಹಳ ದೂರ, ಹುಲ್ಲಿನಲ್ಲಿ. ಬೈನಾಕ್ಯುಲರ್‌ನಲ್ಲಿ ಬರೀ ಕಿವಿ. ನಾಳೆ ಬೆಳಿಗ್ಗೆ ವಾಪಸ್ ವಿಮಾನ. ಎಲಿಬರಿಕಿ ಜೀಪು ಇಳಿಸಿದ. ಮರಿಯ ಬೆನ್ನಿನ ಮೇಲಿನ ಬೂದು ತುಪ್ಪಳ ಕಾಣುವಷ್ಟು ಹತ್ತಿರ. ನಾನು ಅಳುತ್ತಿದ್ದೆ. ವಿಡಿಯೊ ಮಾಡಿದೆ, ಒಂದು ನಿಮಿಷ ನಲವತ್ತು ಸೆಕೆಂಡ್.

ತಾಯಿ ಎದ್ದು ಹಕ್ಕಿಯ ಹಾಗೆ ಕೂಗಿತು. ಎರಡು ಮರಿ ಅದರ ಹಿಂದೆ ಓಡಿದವು. ಮೂರನೆಯದು ಜೀಪಿನ ಈಚೆಗೆ ಉಳಿಯಿತು. ಎಲಿಬರಿಕಿ ತಕ್ಷಣ ರಿವರ್ಸ್ ತೆಗೆದ. "ತಾಯಿ ಕರೀತಾಳೆ, ಬರುತ್ತೆ." ಹೊತ್ತು ಮುಳುಗುತ್ತಿತ್ತು, ಹೊರಡಲೇಬೇಕಿತ್ತು. ಬಂತೋ ಇಲ್ಲವೋ ನೋಡಲಿಲ್ಲ. 

ಜುಲೈ 20, ಭಾನುವಾರ

ಬೆಡೋಕ್ ಹಾಕರ್ ಸೆಂಟರ್, ಊಟದ ಮಳಿಗೆಗಳ ನಡುವಿನ ಟೇಬಲ್. ಗುಂಪಿನ ಎಲ್ಲರೂ ಇದ್ದರು. ಹುಯಿ ಮಿನ್ ಫೋನ್ ಟೇಬಲ್ ಮೇಲಿಟ್ಟಳು. ಮಾಮನ ಫೇಸ್‌ಬುಕ್. ಜೀಪಿನ ಮೇಲೆ ನಾನು, ಟೋಪಿ ಹಾಕಿಕೊಂಡು. ಟ್ಯಾಗ್ ಮಾಡಿದ್ದಾರೆ.

"ಮದುವೆ ಹೇಗಿತ್ತು?"

ಬಾಯಿ ತಾನಾಗೇ ಹೇಳಿತು. "ಡಾಕ್ಯುಮೆಂಟ್ ಮಾಡೋಕೆ ಹೋಗಿದ್ದೆ. ಒಳಗಿನಿಂದ."

ವಿಡಿಯೊ ತೋರಿಸಿದೆ, ಮ್ಯೂಟ್ ಮಾಡಿ. ನೋಡಿ, ರಸ್ತೆ ಬಿಟ್ಟು ಹೇಗೆ ನುಗ್ಗಿಸುತ್ತಾರೆ, ಮರಿ ಹೇಗೆ ಬೇರೆಯಾಯಿತು. ಹುಯಿ ಮಿನ್ ಎರಡು ಸಲ ನೋಡಿದಳು. ಮುಖ ಬದಲಾಯಿತು. "ಕಂಪ್ಲೇಂಟ್ ಕೊಟ್ಟೆಯಾ?"

"ಇವತ್ತು ಕೊಡ್ತೀನಿ."

ಸಂಜೆ 4 — ಕೊಟ್ಟೆ. ಪಾರ್ಕ್‌ನವರ ಫಾರ್ಮ್. ಗೈಡ್ ಹೆಸರು, ಜೀಪ್ ನಂಬರ್. ಎಡಿಟ್ ಮಾಡದ ಫೈಲೇ ಬೇಕಂತೆ, ಸೌಂಡ್ ಸಮೇತ. ಸ್ವಲ್ಪ ಹೊತ್ತು ಕೂತೆ. ಅದರಲ್ಲಿರುವುದೆಲ್ಲ ಕನ್ನಡ. ಅಲ್ಲಿ ಯಾರಿಗೆ ಬರುತ್ತದೆ? ಸಬ್ಮಿಟ್.

ಆಗಸ್ಟ್ 4, ಸೋಮವಾರ

ಉತ್ತರ ಬಂತು. ಧನ್ಯವಾದಗಳು, ನಿಮ್ಮ ಹೆಸರು ಗುಟ್ಟಾಗಿರುತ್ತದೆ, ಗೈಡ್‌ನ ಬ್ಯಾಡ್ಜ್ ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ. ಹುಯಿ ಮಿನ್ ಗ್ರೂಪ್‌ಗೆ ಹಾಕಿದಳು. ಚಪ್ಪಾಳೆ, ಚಪ್ಪಾಳೆ, ಹಸಿರು ಹೃದಯ. ಸೆಪ್ಟೆಂಬರ್ ಮೀಟಿಂಗ್‌ನಲ್ಲಿ ನಾನು ಮಾತಾಡಬೇಕಂತೆ.

ಬ್ಯಾಡ್ಜ್ ಇಲ್ಲದಿದ್ದರೆ ಅವನು ಗೇಟ್ ಒಳಗೇ ಹೋಗುವ ಹಾಗಿಲ್ಲ.

ಆಗಸ್ಟ್ 5

ಅಮ್ಮನಿಗೆ ಹೆಮ್ಮೆ. "ಪಾರ್ಕ್‌ನವರೇ ಥ್ಯಾಂಕ್ಸ್ ಹೇಳಿದ್ದಾರಂತಲ್ಲೇ. ಆ ವಿಡಿಯೊ ನಂಗೂ ತೋರಿಸು." ಕೊಡಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಅವಳೇ ನನ್ನ ಫೋನ್ ತೆಗೆದು ನೋಡಿದ್ದಾಳೆ. ಹೊರಗೆ ಬಂದಾಗ ಹಾಲ್‌ನಲ್ಲಿ ನನ್ನದೇ ದನಿ ಕೇಳುತ್ತಿತ್ತು. "ಇನ್ನೂ ಮುಂದೆ ಹೋಗಕ್ಕೆ ಹೇಳಿ ಮಾಮ, ಇನ್ನೂ, ಮರಿ ಕಾಣ್ತಿಲ್ಲ."

ಅಮ್ಮ ತಲೆ ಎತ್ತಿದಳು. "ಇದು ನೀನೇ ಅಲ್ವೇನೇ?"

"ಹೂಂ."

"ಮತ್ತೆ ಅವನ ಮೇಲೆ ಯಾಕೆ ಬರೆದೆ?"

ಹೇಳಿದೆ. ನಿಯಮ ಅವನಿಗೆ ಗೊತ್ತು, ಸ್ಟಿಯರಿಂಗ್ ಅವನ ಕೈಯಲ್ಲಿತ್ತು, ಇದು ವ್ಯಕ್ತಿಯ ಪ್ರಶ್ನೆ ಅಲ್ಲ, ಇಡೀ ವ್ಯವಸ್ಥೆಯ ಪ್ರಶ್ನೆ. ಅಮ್ಮ ಕೇಳಿಸಿಕೊಂಡಳು.

"ಬ್ಯಾಡ್ಜ್ ಯಾರದ್ದು ಹೋಗಿದ್ದು? ವ್ಯವಸ್ಥೆದಾ?"

ಬಾಗಿಲು ಹಾಕಿಕೊಂಡೆ. ಇಪ್ಪತ್ತಮೂರು ವರ್ಷದವಳು, ಬಾಗಿಲು ಹಾಕಿಕೊಂಡೆ.

ಆಗಸ್ಟ್ 11

ಪಾರ್ಕ್ ಆಫೀಸಿನಿಂದ ಮತ್ತೆ ಮೇಲ್. ಅತಿಥಿಗಳು ಕೇಳಿದ್ದಕ್ಕೇ ಇಳಿಸಿದೆ ಎಂದು ಗೈಡ್ ಹೇಳುತ್ತಾನೆ. ಅವನನ್ನು ಇಟ್ಟುಕೊಂಡ ಕಂಪನಿ, ಇಲ್ಲ, ಅವನೇ ಇಳಿಸಿದ ಎನ್ನುತ್ತದೆ. ವಿಡಿಯೊದಲ್ಲಿ ಪ್ರಯಾಣಿಕರ ಮಾತು ಇದೆ, ಭಾಷೆ ತಿಳಿಯುತ್ತಿಲ್ಲ. ದಯವಿಟ್ಟು ಸಾಲು ಸಾಲಾಗಿ ಇಂಗ್ಲಿಷ್‌ಗೆ ಅನುವಾದಿಸಿ ಹದಿನೆಂಟರೊಳಗೆ ಕಳಿಸಿ.

ದಯವಿಟ್ಟು ಅಂತ ಬರೆದಿದ್ದಾರೆ. ನನ್ನನ್ನು ನಂಬಿಕೊಂಡು.

ಆಗಸ್ಟ್ 13, ಬುಧವಾರ

ಜುರಾಂಗ್ ಈಸ್ಟ್, ಮಾಮನ ಆಫೀಸ್ ಕೆಳಗಿನ ಫುಡ್ ಕೋರ್ಟ್. ದೂರು ಕೊಟ್ಟದ್ದನ್ನು ಮೊದಲ ಸಲ ಹೇಳಿದೆ. ಮಾಮ ಚಮಚ ಕೆಳಗಿಟ್ಟರು.

"ನಮ್ಮ ಟ್ರಿಪ್ ಮೇಲೆ ನೀನೇ ಕಂಪ್ಲೇಂಟ್ ಕೊಟ್ಟೆಯಾ? ನನ್ನ ಬರ್ತ್‌ಡೇ ಕಣೇ ಅದು!"

"ಈಗ ಏನು ಬರೀಲಿ ಮಾಮ?"

"ಏನು ಬರೀತೀಯಾ... 'ಆಹಾ ಎಷ್ಟು ಚೆನ್ನಾಗಿದೆ, ದೇವರ ಸೃಷ್ಟಿ' ಅಂತ ಬರಿ. ಅತ್ತೆ ಅಷ್ಟೇ ತಾನೆ ಅಂದಿದ್ದು? ಯಾರು ಬಂದು ಚೆಕ್ ಮಾಡ್ತಾರೆ? ಪಾರ್ಕ್‌ನವರೇನು ಕನ್ನಡ ಸಂಘಕ್ಕೆ ಫೋನ್ ಮಾಡ್ತಾರಾ?"

ನಗು ಬಂತು. ನಕ್ಕೆ ಕೂಡ. ಎಂ.ಆರ್.ಟಿ. ರೈಲಿನಲ್ಲಿ ಅದನ್ನೇ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿದೆ. ಚೆನ್ನಾಗೇ ಓದಿಸಿಕೊಳ್ಳುತ್ತಿತ್ತು.

ಆಗಸ್ಟ್ 16, ಶನಿವಾರ

ಎಲಿಬರಿಕಿಯ ಮೆಸೇಜ್. ಮಾಮನಿಂದ ನಂಬರ್ ತೆಗೆದುಕೊಂಡನಂತೆ. ದೂರು ಯಾರದ್ದು ಅಂತ ಮಾಮ ಅವನಿಗೆ ಹೇಳಿಲ್ಲ.

"ಸಿಸ್ಟರ್ ಗಗನಾ, ಯಾರೋ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಬೇರೆ ಜೀಪಿನವರು ಇರಬೇಕು. ನಿಮ್ಮ ಹತ್ತಿರ ವಿಡಿಯೊ ಇದೆ. ನೀವು ಕೇಳಿದ್ದು ಅದರಲ್ಲಿ ಇರುತ್ತೆ. ನನ್ನ ಪರವಾಗಿ ಎರಡು ಮಾತು ಬರೀತೀರಾ? ನೀವು ಪ್ರಾಣಿಗಳ ಬಗ್ಗೆ ಕಾಳಜಿ ಇರೋರು, ನಿಮ್ಮ ಮಾತು ನಂಬ್ತಾರೆ."

ಕೆಳಗೆ ಇನ್ನೊಂದು ಸಾಲು. "ಮರುದಿನ ನಿಮ್ಮನ್ನು ವಿಮಾನಕ್ಕೆ ಬಿಟ್ಟು ಅಲ್ಲಿಗೆ ಹೋಗಿ ನೋಡಿದೆ. ಮೂರೂ ಮರಿ ತಾಯಿ ಜೊತೆ ಇವೆ. ನೀವು ಚಿಂತೆ ಮಾಡ್ತಿರಬಹುದು ಅಂತ."

ಆಗಸ್ಟ್ 17

ಕಳಿಸಿದೆ. ಇದ್ದದ್ದು ಇದ್ದ ಹಾಗೆ.

0:09 ಅತ್ತೆ — ಅಯ್ಯೋ, ಮರಿಗಳು.
0:14 ನಾನು — ಇನ್ನೂ ಮುಂದೆ ಹೋಗಕ್ಕೆ ಹೇಳಿ ಮಾಮ, ಇನ್ನೂ, ಮರಿ ಕಾಣ್ತಿಲ್ಲ.
0:31 ನಾನು — ನಿಲ್ಲಿಸಬೇಡಿ ಅನ್ನಿ.
0:50 ಮಾಮ — ಸಾಕಲ್ವೇನೇ?
0:52 ನಾನು — ಸಾಕಾಗಿಲ್ಲ.

ಹುಯಿ ಮಿನ್‌ಗೂ ಅದನ್ನೇ ಕಳಿಸಿದೆ. ಒಂದು ಗಂಟೆ ಬಿಟ್ಟು ಬರೆದಳು, ಸ್ವಲ್ಪ ದಿನ ಗುಂಪಿಗೆ ಬರಬೇಡ. ನ್ಯಾಯ. ಎಲಿಬರಿಕಿಗೆ ಬರೆದದ್ದು ಇಷ್ಟೇ: ನಾವೇ ಕೇಳಿದ್ದು ಅಂತ ಆಫೀಸಿಗೆ ತಿಳಿಸಿದ್ದೇನೆ. ಎರಡು ನಮಸ್ಕಾರದ ಕೈ ಕಳಿಸಿದ. ದೂರು ಕೊಟ್ಟವಳು ಯಾರು ಅಂತ ನಾನು ಬರೆಯಲಿಲ್ಲ. ಬೇಕಾಗಿಲ್ಲ. ಕೇಳಿದ್ದು ಅನುವಾದ, ಕೊಟ್ಟೆ. ಒಂದಕ್ಷರ ಸುಳ್ಳಿಲ್ಲ.

ಮಧ್ಯಾಹ್ನ ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡು ತಿಂದೆ. ಹಗುರ ಅನ್ನಿಸಿತು. ಒಳ್ಳೆಯವಳು ಅನ್ನಿಸಿತು.

ಆಗಸ್ಟ್ 29, ಶುಕ್ರವಾರ

ಮಧ್ಯಾಹ್ನ ಎರಡಕ್ಕೆ ಫೋನ್. ಎಲಿಬರಿಕಿ. ನಾನು ಪಾಠ ಹೇಳುವ ಟ್ಯೂಷನ್ ಸೆಂಟರ್‌ನ ಮೆಟ್ಟಿಲ ಮೇಲೆ ನಿಂತು ಮಾತಾಡಿದೆ. ತೀರ್ಪು ಬಂದಿದೆ. ಅತಿಥಿಗಳು ಕೇಳಿದ್ದು ನಿಜ, ಆದರೆ ಗೈಡ್ ಬೇಡವೆಂದದ್ದಕ್ಕೆ ಪುರಾವೆ ಇಲ್ಲ. ಕೇಳಿದ ತಕ್ಷಣ ಇಳಿಸಿದ್ದಾನೆ. ಬ್ಯಾಡ್ಜ್ ರದ್ದು. ಅಪೀಲಿಗೆ ಏಳು ದಿನ.

"ನೀವು ಸತ್ಯ ಬರೆದಿರಿ ಸಿಸ್ಟರ್, ಥ್ಯಾಂಕ್ಸ್. ಆದ್ರೆ ಸಾಲಲ್ಲ ಅಂತಾರೆ."

ಆ ಥ್ಯಾಂಕ್ಸ್ ತಡೆದುಕೊಳ್ಳಲಾಗಲಿಲ್ಲ. "ದೂರು ಕೊಟ್ಟಿದ್ದು ನಾನೇ," ಅಂದೆ.

ಆ ಕಡೆ ಯಾರೋ ಬಕೆಟ್ ತುಂಬಿಸುತ್ತಿದ್ದರು. ನೀರಿನ ಸದ್ದು ನಿಂತಿತು.

"ನೀವಾ."

"ಹೌದು."

"ಯಾಕೆ ಅಂತ ಕೇಳಲ್ಲ. ಒಂದೇ ಕೇಳ್ತೀನಿ. ನಾನು ಎರಡು ಸಲ 'ನೋ' ಅಂದೆ. ನಿಮಗೆ ಕೇಳಿಸ್ತು ತಾನೆ?"

"ಕೇಳಿಸ್ತು."

"ಅದು ವಿಡಿಯೊದಲ್ಲಿ ಇಲ್ಲ."

"ಇಲ್ಲ. ಆಗ ಇನ್ನೂ ಶುರು ಮಾಡಿರಲಿಲ್ಲ."

"ಎರಡನೇ ಸಲ ಆದ ಮೇಲೆ ನೀವು ಒಂದು ಮಾತು ಅಂದಿರಿ. ನೆನಪಿದೆಯಾ?"

"ಇದೆ."

"ನನಗೂ ಇದೆ. ಅದನ್ನು ಬರೆಯಿರಿ." ಫೋನ್ ಇಟ್ಟರು. ಬಯ್ಯಲಿಲ್ಲ.

ಸಂಜೆ 5

ಇಲ್ಲಿ ಕೂಡ ಬರೆದಿರಲಿಲ್ಲ. ಯಾರೂ ಓದದ ಈ ಪುಸ್ತಕದಲ್ಲಿ.

ಮೊದಲ ಸಲ ಬೇಡ ಅಂದಾಗ ಎಲಿಬರಿಕಿ ಕಾರಣ ಹೇಳಿದರು, ಬ್ಯಾಡ್ಜ್ ಹೋಗುತ್ತದೆ ಅಂತ. ಎರಡನೇ ಸಲ ಅಂದಾಗ ಹಿಂದಿನ ಸೀಟಿನಿಂದ ನಾನು ಹೇಳಿದ್ದು: ನಾವು ಬಿಳಿಯರಾಗಿದ್ದರೆ ಕರೆದುಕೊಂಡು ಹೋಗ್ತಿದ್ದೆ, ಅಲ್ವಾ? ಮಾಮ "ಏಯ್" ಅಂದರು. ನಾನು ನಿಲ್ಲಿಸಲಿಲ್ಲ. ಬಿಳಿಯರು ಬಿಟ್ಟು ಹೋದ ಮೇಲೂ ನಿನ್ನ ಸಲಾಮು ಅವರಿಗೇ ಅಂದೆ. ಪಾಂಪ್ಲೆಟ್‌ಗಳಲ್ಲಿ ಓದಿ ಓದಿ ಬಾಯಿಗೆ ಬಂದದ್ದನ್ನೆಲ್ಲ ಎಲಿಬರಿಕಿಯವರ ಬೆನ್ನಿಗೆ ಎಸೆದೆ. ಒಂದು ಚೀತಾ ನೋಡುವುದಕ್ಕೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಗೇರ್ ಹಾಕಿದರು. ನಾನು ಫೋನ್ ತೆಗೆದು ರೆಕಾರ್ಡ್ ಒತ್ತಿದೆ.

ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು, "ಏನೇ ಅಷ್ಟು ಹೊತ್ತಿಂದ ಬರೀತಿದ್ದೀಯಾ?" ಪತ್ರ ಅಂದೆ. ಯಾರಿಗೆ ಅಂತ ಕೇಳಲಿಲ್ಲ.

ಈ ಸಲ ಅನುವಾದ ಬೇಕಿಲ್ಲ. ಇಂಗ್ಲಿಷ್‌ನಲ್ಲೇ ಅಂದದ್ದು, ಅವರಿಗೆ ಚೆನ್ನಾಗಿ ಅರ್ಥವಾಗಲಿ ಅಂತ. ಅಪೀಲಿನ ಜೊತೆ ನನ್ನ ಹೆಸರು, ಪಾಸ್‌ಪೋರ್ಟ್ ನಂಬರ್, ಸಹಿ ಹಾಕಿ ಹೋಗಬೇಕು. ಅವರ ಮಕ್ಕಳು ಓದಬಹುದು. ಹುಯಿ ಮಿನ್ ಓದುತ್ತಾಳೆ. ಇದುವರೆಗೆ ಆಗಿರುವುದು ಮೂರೂವರೆ ಸಾಲು:

ವಿಡಿಯೊ ಶುರುವಾಗುವ ಮೊದಲು ಗೈಡ್ ಎರಡು ಸಲ ನಿರಾಕರಿಸಿದರು. ಎರಡೂ ಸಲ ನಾನು ಕೇಳಿಸಿಕೊಂಡೆ. ಅವರು ಜೀಪು ಇಳಿಸಿದ್ದು ನಾವು ಕೇಳಿದ್ದರಿಂದ ಅಲ್ಲ. ನಾನು ಅವರಿಗೆ