ಕಾಲು ನೋಡದ ಡಾಕ್ಟರು

೨೮ ಮೇ ೨೦೨೧, ಶುಕ್ರವಾರ

ಡಾಕ್ಟರು ತಮ್ಮನ ಕಾಲನ್ನು ನೋಡಲೇ ಇಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಶಿವಮಲ್ಲುವಿನ ಕಾಲ್ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಮೂರು ದಿನವಾಯಿತು. ಇವತ್ತು ಬೆಳಿಗ್ಗೆ ಗುಂಡ್ಲುಪೇಟೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಕುರ್ಚಿಯಿಂದಲೇ, "ಚಪ್ಪಲಿ ಕಚ್ಚಿದೆ, ಮುಲಾಮು ಹಚ್ಚು" ಎಂದರು. ತಮ್ಮ ದುಡಿಯುತ್ತಿದ್ದ ಬದನಗುಪ್ಪೆಯ ಕಾರ್ಖಾನೆ ಲಾಕ್‌ಡೌನಿಗೆ ಮುಚ್ಚಿದಾಗಿನಿಂದ ಅವನು ಮನೆಯಲ್ಲಿ ಬರಿಗಾಲಲ್ಲೇ ಇದ್ದಾನೆ. ಉಮ್ಮತ್ತೂರಿನ ಅತ್ತೆಯ ಮಗನಿಗೂ ಹೀಗೇ ಬೆರಳು ಕಪ್ಪಾಗಿ, ವಾರದ ಮೇಲೆ ಕೆಮ್ಮು ಬಂದು, ಕೊರೊನಾ ಎಂದು ಗೊತ್ತಾಗಿತ್ತು. ಅದನ್ನು ಹೇಗೋ ಬಾಯಿಬಿಟ್ಟು ಹೇಳಿದೆ.

"ಎಷ್ಟು ಓದಿದ್ದೀಯಮ್ಮಿ?"

"ನಾಕ್ನೇ ಕ್ಲಾಸು, ಸಾ."

"ಕೊರೊನಾ ಮೂಗಲ್ಲಿ ಬತ್ತದಾ, ಕಾಲಲ್ಲಿ ನಡ್ಕಂಡು ಬತ್ತದಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ಬಂದುಬಿಟ್ಟೆ.

ಬೆರಳಿಗೂ ಕೊರೊನಾಕ್ಕೂ ಸಂಬಂಧ ಇರಬಹುದು, ಇಲ್ಲದಿರಬಹುದು. ನನಗೆ ಗೊತ್ತಿಲ್ಲ. ಅದಕ್ಕೇ ಅಲ್ಲವೇ ಕೇಳಲು ಹೋದದ್ದು?

ಮನೆಯಲ್ಲಿ ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾಳೆ. "ಅಮ್ಮ ಬಂದವ್ಳೆ ಕಣಮ್ಮಿ, ಇನ್ನು ಆಸ್ಪತ್ರೆ ಮಾತೆತ್ತಬ್ಯಾಡ" ಎಂದು ತಮ್ಮನ ಮುಖದ ಹತ್ತಿರವೇ ಕೂತು ಬೇವಿನ ಕೊಂಬೆಯಿಂದ ಗಾಳಿ ಹಾಕುತ್ತಾಳೆ. ಅವಳಿಗೆ ಮೊದಲೇ ಉಬ್ಬಸ. ಡಾಕ್ಟರು ಒಂದು ಮಾತು ಹೇಳಿದ್ದರೆ ದೂರ ಕೂರುತ್ತಿದ್ದಳು. ನನ್ನ ಮಾತು ಯಾರು ಕೇಳುತ್ತಾರೆ?

ಈಗ ತಮ್ಮ ಕೆಮ್ಮಿದ. ಅವ್ವನ ಚಾಪೆಯನ್ನು ಎಳೆದು ಜಗುಲಿಗೆ ಹಾಕಿ, "ಏಳವ್ವ ಅಲ್ಲಿಂದ!" ಎಂದು ಕಿರುಚಿದೆ. ಅವಳು ಬೆಚ್ಚಿ ಎದ್ದೇಬಿಟ್ಟಳು. ಇಷ್ಟು ದೊಡ್ಡ ಗಂಟಲು ನನಗಿದೆಯೆಂದು ಬೆಳಿಗ್ಗೆ ಗೊತ್ತಿರಲಿಲ್ಲ. ಆ ಕ್ಲಿನಿಕ್ಕಿನಲ್ಲೇ, ಅಷ್ಟು ಜನರ ಮುಂದೆಯೇ, ಹೀಗೊಂದು ಸಲ ಕಿರುಚಿದ್ದರೆ ಡಾಕ್ಟರು ಕುರ್ಚಿಯಿಂದೆದ್ದು ಕಾಲು ನೋಡುತ್ತಿದ್ದರೇನೋ.