ಕೊಳ್ಳಿ ನೆನಪಿಟ್ಟ ಆನೆ

ನವೆಂಬರ್ 9, ಭಾನುವಾರ. ಸಂಜೆ 5

ಬೆಳಿಗ್ಗೆ ಕಾಫಿ ಹಣ್ಣು ಕೊಯ್ಲು, ಮಧ್ಯಾಹ್ನ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ತೊಳೆದದ್ದು. ಆಳು ಮೂರೇ ಜನ. ಮೂರು ಗಂಟೆಗೆ ಚಿಕ್ಕಮಗಳೂರಿನಿಂದ ಸಿನಿಮಾದವರು ಬಂದರು — ನಂದನ್ ಅಂತ. ಹಾರರ್ ಪಿಕ್ಚರ್ ಮಾಡುತ್ತಾರಂತೆ. ಬುದ್ಧಿ ಬಂದ ಆನೆಗಳು ಒಟ್ಟಾಗಿ ಮನುಷ್ಯರ ಮೇಲೆ ತಿರುಗಿ ಬೀಳೋದು. ಶುರುವಿನಲ್ಲಿ, ನಿಜವಾಗಿ ಆನೆಯಿಂದ ಸತ್ತವರ ಮನೆಯವರು ಮಾತಾಡಬೇಕಂತೆ.

“ಆನೆ ಎಷ್ಟು ಎತ್ತರ ಇತ್ತಮ್ಮಾ?” ಅಂತ ಅತ್ತೆಯನ್ನು ಕೇಳಿದರು.

“ಮುಂದಿನ ಸಲ ಬಂದಾಗ ಟೇಪ್ ಹಿಡ್ಕೊಂಡು ನೀನೇ ಹೋಗು ಮಾರಾಯ.”

ನಗು ಬಂತು. ಇವರು ಹೋದ ಜೂನ್ ಮೂರರಿಂದೀಚೆ ಮೊದಲ ಸಲ.

ಆಮೇಲೆ ಅತ್ತೆ ಹೇಳಿದರು — “ಹೋದ ವರ್ಷ ಅದು ಬಾಳೆಗೆ ನುಗ್ಗಿದಾಗ, ಕೊಳ್ಳಿ ಎಸಿ ಹಾಲೇಶ ಅಂದವಳು ನಾನು. ಎಸೆದ. ಮುಖ ನೆನಪಿಟ್ಕೊಂಡು ಬಂದು ನನ್ನ ಮಗನನ್ನೇ ತುಳೀತು.”

ನಂದನ್ ಕಣ್ಣು ಅರಳಿತು. “ಇದೇ ಅಮ್ಮಾ! ಇದನ್ನೇ ಕ್ಯಾಮೆರಾ ಮುಂದೆ ಹೇಳಿ. ಹದಿನೇಳಕ್ಕೆ ಬರ್ತೀವಿ.”

ಲೋಟ ಎತ್ತಿಕೊಂಡು ಒಳಗೆ ಬಂದೆ.

ನವೆಂಬರ್ 10

ನಮ್ಮ ಮನೆಯವರಿಗೂ ಇಂಥ ಪಿಕ್ಚರ್ ಅಂದರೆ ಇಷ್ಟವಿತ್ತು. ಭಾನುವಾರ ಊಟ ಆದಮೇಲೆ ಟಿವಿಯಲ್ಲಿ ಡಬ್ಬಿಂಗ್ — ಮೊಸಳೆ, ಕೋತಿ, ಹಕ್ಕಿ. ನಾನು ದಿಂಬು ಅಡ್ಡ ಹಿಡಿದು ನೋಡುತ್ತಿದ್ದೆ. “ಪ್ರಾಣಿಗೆ ಅಷ್ಟು ಬುದ್ಧಿ ಇದ್ದಿದ್ರೆ ನಮ್ಮ ಸಹವಾಸಕ್ಕೇ ಬರ್ತಿರ್ಲಿಲ್ಲ ಕಣೇ” ಅನ್ನುತ್ತಿದ್ದರು.

ಆ ಆನೆಯ ಮುಖ ಅವತ್ತು ನಾನು ನೋಡಿದ್ದೆ. ಅಂಗಳದಾಚೆ ಹಲಸಿನ ಹಣ್ಣು ತಿನ್ನುತ್ತಿತ್ತು. ಸೇಡು ಗೀಡು ಏನೂ ಕಾಣಲಿಲ್ಲ. ಹಸಿವು. ಆಮೇಲೆ ಪಟಾಕಿಗೆ ಹೆದರಿಕೆ.

ಪಟಾಕಿ…

ನವೆಂಬರ್ 14

ಅತ್ತೆ ಸರಿಯಾಗಿ ಉಣ್ಣುತ್ತಿಲ್ಲ. ಇವತ್ತು ಬಾಳೆ ಎಲ್ಲ ಕಡಿಸಿದರು. ಗೊನೆ ಬಿಟ್ಟದ್ದನ್ನೂ.

“ಇದಿನ್ನೂ ಬಲಿತಿಲ್ಲ ಅಮ್ಮಾವ್ರೇ” — ಆಳು ಕೆಂಪಯ್ಯ ಕತ್ತಿ ಹಿಡಿದು ನನ್ನ ಮುಖ ನೋಡಿದ.

“ಅವಳನ್ನೇನು ನೋಡ್ತೀಯ? ಕಡಿ ಅಂದೆ.”

ನವೆಂಬರ್ 16, ಭಾನುವಾರ. ಸಂಜೆ 4

ಹೇಳಿಬಿಟ್ಟೆ.

ಪಟಾಕಿ ಹೊಡೆಯುವ ಮೊದಲು ಊರಿನವರ ವಾಟ್ಸಾಪ್ ಆನೆ ಗ್ರೂಪಿಗೆ ಮೆಸೇಜ್ ಹಾಕಬೇಕು, ಯಾವ ಕಡೆ ಓಡಿಸುತ್ತೇವೆ ಅಂತ. ದಾರಿಯಲ್ಲಿರುವವರು ಅಲ್ಲೇ ನಿಲ್ಲುತ್ತಾರೆ. ಇಲ್ಲಿ ಎಲ್ಲರೂ ಹಾಗೇ. ಅವತ್ತು ನನ್ನ ಫೋನ್ ಒಳಗೆ ಚಾರ್ಜಿಗಿತ್ತು. ಹಲಸು ಉಳಿದರೆ ಸಾಕು ಅಂತ ಮೊದಲು ಪಟಾಕಿ ಹೊಡೆದೆ. ಆನೆ ಕೆಳದಾರಿಗೆ ಇಳಿಯಿತು. ಇವರು ಡೈರಿಗೆ ಹಾಲು ಹಾಕಿ ಅದೇ ದಾರಿಯಲ್ಲಿ ಬರುತ್ತಿದ್ದರು. ಮೆಸೇಜ್ ಹಾಕಿದ್ದು ಆಮೇಲೆ — 6:52. ಇವರ ಫೋನಿನಲ್ಲಿ ಇನ್ನೂ ಓದದೇ ಉಳಿದಿತ್ತು.

ಆ ಫೋನನ್ನೇ ತಂದು ಅತ್ತೆಗೆ ತೋರಿಸಿದೆ. ಅವರಿಗೆ ಅಕ್ಷರ ಬರುವುದಿಲ್ಲ.

“ಓದು.”

“ಆನೆ ಕೆಳದಾರಿಗೆ ಬರ್ತಿದೆ, ಯಾರೂ ಬರಬೇಡಿ.”

“ಇನ್ನೊಂದ್ಸಲ ಓದು.”

ಓದಿದೆ.

“ಹಂಗಾದ್ರೆ ಅದು ಕೊಳ್ಳಿ ನೆನಪಿಟ್ಕೊಂಡು ಬಂದಿದ್ದಲ್ಲ?”

“ಅಲ್ಲ ಅತ್ತೆ. ನಾನು ಓಡಿಸಿದ್ದು.”

ಬೈಯಲಿಲ್ಲ. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪಾತ್ರೆ ಸದ್ದು. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಿದ್ದರು — ಎರಡನೇ ಸಲ ಬಡಿಸಿಕೊಂಡು. ತಟ್ಟೆ ತೊಳೆದಿಟ್ಟು ಬಾಗಿಲಲ್ಲಿ ನಿಂತರು.

“ನಾಳೆ ಕ್ಯಾಮೆರಾ ಮುಂದೆ ನಾನು ಕೂರಲ್ಲ. ನೀನೇ ಕೂತು ಹೇಳು. ಇದನ್ನೇ.”

ನಂದನ್ ಹತ್ತು ಗಂಟೆಗೆ ಬರುತ್ತಾರೆ.